ಅಟ್ಟದ ಕಾಯಿ, ಭಾವನ ಎದೆ

ಗೌರಾ, ನಿನ್ನ ಗಂಡನನ್ನು ನಾನು ಅವತ್ತು ಡಾಕ್ಟರಿಗೆ ತೋರಿಸಲೇ ಇಲ್ಲ. ತಿಪಟೂರಿನ ಆಸ್ಪತ್ರೆಯ ಗೇಟಿನವರೆಗೆ ಹೋಗಿ ವಾಪಸು ಬಂದೆವು. "ಏನೂ ಇಲ್ಲ ಕಣೇ, ಬರೀ ಗ್ಯಾಸು ಅಂದ್ರು" ಎಂದು ನಿನ್ನ ಹೊಸಿಲಲ್ಲಿ ನಿಂತು ಹೇಳಿದವನು ನಾನು — ನಿನ್ನ ಒಡಹುಟ್ಟಿದ ಅಣ್ಣ. ಆ ಮಾತನ್ನು ಯಾವ ಡಾಕ್ಟರೂ ಆಡಿರಲಿಲ್ಲ.

ಕೊಬ್ಬರಿಗೆಂದು ವರ್ಷವಿಡೀ ಒಣಗಲು ಬಿಟ್ಟ ಕಾಯಿಯನ್ನು ಅಟ್ಟದಿಂದ ಇಳಿಸುವ ಕಾಲ ಅದು. ಬಸವರಾಜು ಭಾವ ಏಣಿಯ ನಡುವೆ ನಿಂತುಬಿಡುತ್ತಿದ್ದ, ಎದೆಯ ಮೇಲೆ ಅಂಗೈ ಒತ್ತಿಕೊಂಡು ಬೆವರುತ್ತಿದ್ದ. ಕೇಳಿದರೆ ಗ್ಯಾಸ್ಟ್ರಿಕ್ ಎನ್ನುತ್ತಿದ್ದ, ಒಂದು ಸೋಡಾ ಕುಡಿದು ಮತ್ತೆ ಹತ್ತುತ್ತಿದ್ದ. ನೀನು ನೊಣವಿನಕೆರೆಯಿಂದ ಫೋನ್ ಮಾಡಿ ಅತ್ತುಕೊಂಡೆ — "ನನ್ ಮಾತು ಕೇಳಲ್ಲ ಕಣಣ್ಣ, ನೀನೇ ಬಂದು ಕರ್ಕಂಡೋಗು." ಬಂದೆ. ಬರಿಗೈಲಿ ಬರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ — ತುರುವೇಕೆರೆಯಿಂದ ನನ್ನ ಕೊಬ್ಬರಿ ಚೀಲಗಳನ್ನು ಗಾಡಿಗೆ ಹೇರಿಕೊಂಡೇ ಬಂದೆ. ಅವತ್ತು ತಿಪಟೂರು ಮಾರುಕಟ್ಟೆಯಲ್ಲಿ ಹರಾಜಿತ್ತು.

ಆಸ್ಪತ್ರೆಯ ಮುಂದೆ ಉದ್ದ ಸಾಲು. ಭಾವ ಗಾಡಿಯಿಂದ ಇಳಿಯಲೇ ಇಲ್ಲ. "ಅಟ್ಟದ ಕಾಯಿ ಸುಮ್ಕೆ ಬುಟ್ರೆ ತಾನೇ ಕೊಬ್ರಿ ಆಯ್ತದೆ, ಅರ್ಧಕ್ಕೆ ಒಡೆದ್ರೆ ಕೊಳೀತದೆ. ಮೈಯೂ ಅಷ್ಟೇ ಕಣಪ್ಪ. ನಡಿ, ಹರಾಜಿಗೆ ಹೊತ್ತಾಯ್ತು." ವರ್ಷವಿಡೀ ಕಾಯಿ ಮುಟ್ಟದೆ ಕಾಯುವ ಜನ ನಾವು, ಆ ಮಾತು ನ್ಯಾಯವಾಗಿಯೇ ಕೇಳಿಸಿತು. ಅಲ್ಲ — ಇದು ಮತ್ತೊಂದು ಸುಳ್ಳು. ಆ ಮಾತು ನನಗೆ ಬೇಕಾಗಿತ್ತು. ಹರಾಜಿನ ಆತುರ ನನಗೂ ಇತ್ತು. ಅದರ ಕೆಳಗೆ ಇನ್ನೊಂದು ಅಂಜಿಕೆ — ಅವನನ್ನು ನೋಡಿ ಮುಗಿಸಿದ ಡಾಕ್ಟರು ನನ್ನ ಕಡೆ ತಿರುಗಿ, ನೀವೂ ಕೂತ್ಕೊಳ್ಳಿ ಅಂದುಬಿಟ್ಟರೆ? ನನ್ನ ತೋಳಿಗೂ ಬಿಪಿ ನೋಡುವ ಆ ಪಟ್ಟಿ ಸುತ್ತಿದರೆ? ಮೀಸೆ ಹೊತ್ತವನಿಗೆ ಎಂಥ ಪುಕ್ಕಲುತನ...

ಆಮೇಲೆ ಏನು ಮಾಡಿದೆ ಗೊತ್ತೇ? ಒಳಗೆ ಒಣಗಿದೆಯೋ ಇಲ್ಲವೋ ಎಂದು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವಲ್ಲ, ಹಾಗೆ ಅವನ ಭುಜ ಹಿಡಿದು ಅಲ್ಲಾಡಿಸಿದೆ, ಎದೆಗೆ ಕಿವಿಯಿಟ್ಟೆ. "ಒಳ್ಳೇ ಮಾಲೇ ಐತೆ ಕಣ್ಲಾ ಭಾವ, ನಡಿ!" ಇಬ್ಬರೂ ನಕ್ಕೆವು. ಆದರೆ ಆ ಎದೆ ತಾಳತಪ್ಪಿ ಬಡಿದುಕೊಳ್ಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು, ಗೌರಾ. ಕೇಳಿಸಿಯೂ ನಕ್ಕೆ. ಅಲ್ಲಾಡಿಸಿದರೆ ಕೆಟ್ಟ ಕಾಯಿಯೂ ಸದ್ದು ಮಾಡುತ್ತದೆ, ಒಡೆದ ಮೇಲೆಯೇ ತಿಳಿಯುವುದು ಎಂದು ಇಷ್ಟು ವರ್ಷ ಕೊಬ್ಬರಿ ಮಾಡಿದ ನನಗೆ ಗೊತ್ತಿರಲಿಲ್ಲವೇ?

ಆ ಅಟ್ಟ ಖಾಲಿಯಾಗುವ ಮೊದಲೇ ಭಾವ ಏಣಿಯ ಬುಡದಲ್ಲಿ ಕುಸಿದ. ಆಸ್ಪತ್ರೆ ಸೇರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಮೊದಲೇ ತೋರಿಸಿದ್ದರೆ ಉಳಿಸಬಹುದಿತ್ತೇನೋ ಎಂದ ಡಾಕ್ಟರ ಮೇಲೆ ನೀನು ಎಗರಿದೆ — "ತೋರ್ಸಿದ್ವಲ್ರೀ! ನಮ್ಮಣ್ಣನೇ ಕರ್ಕಂಡ್ ಬಂದಿದ್ದ. ನಿಮ್ಗೇ ಗೊತ್ತಾಗ್ಲಿಲ್ಲ!" ನಾನು ಪಕ್ಕದಲ್ಲೇ ಇದ್ದೆ. ನಾನು ತಲೆ ತಗ್ಗಿಸಿದ್ದನ್ನು ನೀನು ದುಃಖ ಎಂದುಕೊಂಡೆ.

ಅವತ್ತಿನಿಂದ ನಿನ್ನ ಮನೆಯಲ್ಲಿ ಡಾಕ್ಟರ ಮೇಲಿನ ನಂಬಿಕೆಯೇ ಹೋಯಿತು. ಅದನ್ನು ಕಿತ್ತವನು ನಾನು. ಇಷ್ಟೇ ಆಗಿದ್ದರೆ ಬಾಯಿ ಮುಚ್ಚಿಕೊಂಡೇ ಸಾಯುತ್ತಿದ್ದೆನೋ ಏನೋ. ಆದರೆ ಮೊನ್ನೆ ನಿನ್ನ ಮಗ ಮಂಜು ಅದೇ ಏಣಿಯ ನಡುವೆ ನಿಂತುಬಿಟ್ಟ. ಅಂಗೈ ಎದೆಯ ಮೇಲೆ. ನಡಿಯೋ ತಿಪಟೂರಿಗೆ ಎಂದರೆ ನಗುತ್ತಾನೆ — "ಸುಮ್ಕಿರು ಮಾವ. ಅಪ್ಪನ್ನ ನೀನೇ ತೋರ್ಸಿದ್ಯಲ್ಲ, ಏನ್ ಕಂಡುಹಿಡಿದ್ರು?" ನೀನೂ ಹೌದೆಂದು ತಲೆಯಾಡಿಸಿದೆ. ನನ್ನ ಸುಳ್ಳು ಈಗ ಅವನನ್ನೂ ತಿನ್ನಲು ಕೂತಿದೆ.

ನಿನ್ನೆ ನಾನೇ ಆಸ್ಪತ್ರೆಯ ಆ ಸಾಲಿನಲ್ಲಿ ನಿಂತು ತೋರಿಸಿಕೊಂಡು ಬಂದೆ. ಬಿಪಿ ಏರಿದೆಯಂತೆ. ಮಾತ್ರೆ ಕೊಟ್ಟರು, ಬಿಡದೆ ಬಂದು ತೋರಿಸಿ ಎಂದರು. ಇಷ್ಟೇನಾ... ಇಷ್ಟಕ್ಕೆ ಹೆದರಿ ನಾನು ಭಾವನನ್ನು —

ನಾಳೆ ಬರುತ್ತೇನೆ. ಇದನ್ನೆಲ್ಲ ಮಂಜುವಿನ ಎದುರಿಗೇ ಹೇಳುತ್ತೇನೆ. ಬೈಯಿ, ಇನ್ನು ಈ ಹೊಸಿಲು ತುಳಿಯಬೇಡ ಅನ್ನು. ಈ ಅಣ್ಣ ನಿನಗೆ ಬೇಡವಾದರೂ ಸರಿ, ಮಗನನ್ನು ಮಾತ್ರ ಗಾಡಿ ಹತ್ತಿಸು. ಈ ಸಲ ಗಾಡಿಯಲ್ಲಿ ಒಂದು ಚೀಲ ಕೊಬ್ಬರಿಯೂ ಇರುವುದಿಲ್ಲ.