ಪಟ್ಟಿಗೆ ಸಿಗದ ಮೂರನೇ ಒಂದು

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಳತೆ ನೋಡುವ ಕೆಲಸ ನನ್ನದು. ಲೇತಿನಿಂದ ಇಳಿದ ತುಂಡನ್ನು ಮೈಕ್ರೋಮೀಟರಿನ ಬಾಯಿಗೆ ಕೊಟ್ಟು, ಸರಿಯಿದ್ದರೆ ಈ ಕಡೆ, ಕೆಟ್ಟಿದ್ದರೆ ಆ ಕಡೆ ಇಡುವುದು. ಮಗಳು ಹೈಸ್ಕೂಲು ಸೇರಿದ ಮೇಲೆ ದೂರಶಿಕ್ಷಣದಲ್ಲಿ ಗಣಿತದ ಎಂಎಸ್ಸಿ ಮುಗಿಸಿಕೊಂಡೆ. ಈ ವಯಸ್ಸಿನಲ್ಲಿ ಯಾಕೆ ಎಂದು ಕೇಳಿದವರಿಗೆಲ್ಲ ಬಾಯಿಗೆ ಬಂದ ಉತ್ತರ ಕೊಟ್ಟಿದ್ದೇನೆ. ನಿಜವೆಂದರೆ ನನಗೆ ಪಾಠ ಮಾಡುವ ಆಸೆ ಇತ್ತು. ನಾಚಿಕೆಯಾಗುವಷ್ಟು ಆಸೆ.

ಲಗ್ಗೆರೆಯ ಸಂಜೆ ಕಾಲೇಜೊಂದಕ್ಕೆ ಗಣಿತ ಹೇಳಿಕೊಡುವವರು ಬೇಕು ಎಂದು ಗೊತ್ತಾದಾಗ ಅರ್ಜಿ ಹಾಕಿದೆ. ಅವರು ಕರೆದು, ಸಂದರ್ಶನ ಬೇಡ, ತರಗತಿಯ ಮುಂದೆ ಒಂದು ಡೆಮೋ ಪಾಠ ಮಾಡಿ ಎಂದರು. ವಿಷಯವನ್ನೂ ಅವರೇ ಕೊಟ್ಟರು: ಅನಂತ ಗಣಗಳು. ಎಲ್ಲ ಅನಂತಗಳೂ ಒಂದೇ ಗಾತ್ರದವಲ್ಲ, ಒಂದಕ್ಕಿಂತ ಇನ್ನೊಂದು ದೊಡ್ಡದು ಎಂದು ಅರ್ಧ ಗಂಟೆಯಲ್ಲಿ ತೋರಿಸಬೇಕು. ಪ್ರಾಂಶುಪಾಲರು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಇದು ಸಿಗದಿದ್ದರೆ ಇನ್ನು ಎಲ್ಲಿಗೂ ಅರ್ಜಿ ಹಾಕುವುದಿಲ್ಲ ಎಂದು ಮನೆಯವರಿಗೆ ಹೇಳಿಬಿಟ್ಟಿದ್ದೆ. ನಲವತ್ತು ದಾಟಿದ ಹೆಂಗಸನ್ನು ಹೊಸದಾಗಿ ಮೇಡಂ ಮಾಡಿಕೊಳ್ಳಲು ಕಾಲೇಜುಗಳೇನೂ ಸಾಲುಗಟ್ಟಿ ನಿಂತಿರಲಿಲ್ಲ.

ಒಳಗೆ ಹೋಗಿ ನೋಡಿದರೆ ತರಗತಿ ತುಂಬ ನಮ್ಮ ಪೀಣ್ಯದವರೇ. ಹಗಲು ಕೆಲಸ, ಸಂಜೆ ಓದು. ಕೆಲವರು ಕಂಪನಿಯ ಶರ್ಟಿನಲ್ಲೇ ಬಂದಿದ್ದರು, ಎಣ್ಣೆಯ ವಾಸನೆ ಸಮೇತ. ನನಗೆ ಧೈರ್ಯ ಬಂತು.

ಟೂಲ್ ರೂಮಿನ ಬೋರ್ಡಿನಿಂದ ಶುರು ಮಾಡಿದೆ. ಅಲ್ಲಿ ಪ್ರತಿ ಟೂಲಿಗೂ ಒಂದು ಮೊಳೆ. ಟೂಲ್ ಒಯ್ಯುವವನು ಆ ಮೊಳೆಗೆ ತನ್ನ ಹಿತ್ತಾಳೆ ಟೋಕನ್ ನೇತುಹಾಕಿ ಹೋಗಬೇಕು. ಹೊರಗೆ ಹೋದ ಟೂಲ್ ಎಷ್ಟು, ಟೋಕನ್ ಎಷ್ಟು ಎಂದು ಯಾರೂ ಎಣಿಸುವುದಿಲ್ಲ. ಖಾಲಿ ಮೊಳೆ ಇಲ್ಲ ಎಂದರೆ ಎರಡೂ ಸಮ. ಅನಂತಗಳನ್ನೂ ಹೀಗೆಯೇ ಹೋಲಿಸುವುದು, ಎಣಿಸಿ ಮುಗಿಸಲು ಆಗದಿದ್ದರೆ ಜೋಡಿ ಹಾಕಿ ನೋಡುವುದು ಎಂದೆ. ಒಂದು, ಎರಡು, ಮೂರು ಎಂಬ ಎಣಿಕೆಯ ಸಂಖ್ಯೆಗಳು ಟೋಕನ್ ಇದ್ದ ಹಾಗೆ. ಎರಡು, ನಾಲ್ಕು, ಆರು ಎಂಬ ಸಮಸಂಖ್ಯೆಗಳು ಟೂಲ್ ಇದ್ದ ಹಾಗೆ. ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು, ಮೂರಕ್ಕೆ ಆರು. ಎರಡೂ ಕಡೆ ಯಾರೂ ಒಂಟಿಯಾಗಿ ಉಳಿಯುವುದಿಲ್ಲ. ಅರ್ಧದಷ್ಟೇ ಇವೆ ಎಂದುಕೊಂಡಿದ್ದ ಸಮಸಂಖ್ಯೆಗಳು ಪೂರ್ತಿಗೆ ಸಮ.

"ಇದು ನಮ್ ಸೂಪರ್‌ವೈಸರ್ ಲೆಕ್ಕ ಮೇಡಂ," ಎಂದ ಕಿಟಕಿ ಪಕ್ಕದವನು. "ಅರ್ಧ ಗಂಟೆ ಬ್ರೇಕ್ ಕೊಟ್ಬಿಟ್ಟು ಒಂದ್ ಗಂಟೆ ಕೊಟ್ಟೆ ಅಂತಾನೆ."

ಎಲ್ಲರೂ ನಕ್ಕರು. ಪ್ರಾಂಶುಪಾಲರೂ ನಕ್ಕರು. ಕೆಲಸ ಸಿಕ್ಕಿಯೇಬಿಟ್ಟಿತು ಎಂದುಕೊಂಡೆ.

ಮುಂದಿನದೇ ಮುಖ್ಯ ಭಾಗ. ಸೊನ್ನೆಗೂ ಒಂದಕ್ಕೂ ನಡುವೆ ಇರುವ ಅಳತೆಗಳಿಗೆ ಹೀಗೆ ಟೋಕನ್ ಹಂಚಲಾಗದು, ಅವನ್ನು ಒಂದು ಪಟ್ಟಿಯಲ್ಲಿ ನಿಲ್ಲಿಸಲಾಗದು, ಅಲ್ಲಿರುವ ಅನಂತ ದೊಡ್ಡದು ಎಂದೆ. ಅದರ ಸಾಧನೆ, ಅಂದರೆ ಪ್ರೂಫ್, ನನಗೆ ಬಾಯಿಪಾಠ. ಬರೆಯಲು ಚಾಕ್ ಎತ್ತುವಷ್ಟರಲ್ಲಿ ಎರಡನೇ ಬೆಂಚಿನಿಂದ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಎದ್ದಳು. ವಿಜಯಪುರದ ಕಡೆಯವಳು, ನನ್ನ ಹಾಗೆಯೇ ಯಾವುದೋ ಮೆಷಿನ್ ಶಾಪಿನಲ್ಲಿ ಅಳತೆ ನೋಡುವವಳು ಎಂದು ಆಮೇಲೆ ತಿಳಿಯಿತು.

"ಹಂಚಾಕ ಬರ್ತದಲ್ರಿ ಮೇಡಂ," ಎಂದಳು. "ಮೊದಲ ಒಂದ್ ಸ್ಥಾನದ್ದು ಬರೀರಿ. ಪಾಯಿಂಟ್ ಒಂದು, ಪಾಯಿಂಟ್ ಎರಡು, ಹಿಂಗ ಒಂಬತ್ತರ ತನಕ. ಆಮ್ಯಾಲ ಎರಡ್ ಸ್ಥಾನದ್ದು, ಆಮ್ಯಾಲ ಮೂರ್ ಸ್ಥಾನದ್ದು. ಹಂಗ ಹೋಗ್ರಿ. ಒಂದೂ ಬಿಡಂಗಿಲ್ಲ. ಎಲ್ಲಾ ಬಂದ್ವಲ್ರಿ."

ಅವಳು ಹೇಳಿದಂತೆ ಬೋರ್ಡಿನ ಮೇಲೆ ಬರೆದೆ. ಹೌದಲ್ಲ, ಎಲ್ಲವೂ ಬಂದವಲ್ಲ! ನಾನು ಈವರೆಗೆ ಓದಿದ ಅಳತೆಗಳೆಲ್ಲ ಎರಡನೆಯ ಸ್ಥಾನಕ್ಕೋ ಮೂರನೆಯ ಸ್ಥಾನಕ್ಕೋ ಮುಗಿದಿದ್ದವು. ಅವೆಲ್ಲವೂ ಈ ಪಟ್ಟಿಯಲ್ಲಿದ್ದವು. ಬಾಯಿಪಾಠದ ಸಾಧನೆ ಎತ್ತಿನಂತೆ ಏರಿಗೆ ಎಳೆದರೆ ಬೋರ್ಡಿನ ಪಟ್ಟಿ ಕೋಣದಂತೆ ನೀರಿಗೆ ಎಳೆಯುತ್ತಿತ್ತು. ಎಂಎಸ್ಸಿ ಓದಿದ ನಾನು ನಡುವೆ ಬೆಪ್ಪಾಗಿ ನಿಂತಿದ್ದೆ. ಪ್ರಾಂಶುಪಾಲರು ಗಡಿಯಾರ ನೋಡಿಕೊಂಡರು.

ಇದು ಪರೀಕ್ಷೆಗೆ ಬರುವುದಿಲ್ಲ, ಕೂತುಕೊಳ್ಳಿ ಎಂದು ಅವಳಿಗೆ ಹೇಳಿ ಬಾಯಿಪಾಠ ಒಪ್ಪಿಸಬಹುದಿತ್ತು. ಪಾಠ ವೇಳೆಗೆ ಮುಗಿಯುತ್ತಿತ್ತು, ಕೆಲಸವೂ ಸಿಗುತ್ತಿತ್ತೇನೋ. ಆದರೆ ಆ ಮಾತು ಹೇಳಿ ನನ್ನನ್ನು ಕೂರಿಸಿದ ಮೇಷ್ಟ್ರುಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

"ನಂಗೂ ಎಲ್ಲಾ ಬಂದ ಹಾಗೇ ಕಾಣ್ತಿದೆ," ಎಂದೆ. "ಸ್ವಲ್ಪ ಇರಿ."

ಮುಗಿಯದೆ ಉಳಿದ ಅಳತೆಯನ್ನು ನಾನು ಎಂದಾದರೂ ಕಂಡಿದ್ದೇನೆಯೇ ಎಂದು ಯೋಚಿಸಿದೆ. ಒಂದು ನೆನಪಾಯಿತು.

"ನೂರು ಮಿಲಿಮೀಟರ್ ರಾಡು. ಮೂರು ಸಮ ತುಂಡು ಮಾಡ್ಬೇಕು. ಡ್ರಾಯಿಂಗಲ್ಲಿ ಏನ್ ಬರೀತಾರೆ?"

ಇಡೀ ತರಗತಿ ಮಗ್ಗಿ ಒಪ್ಪಿಸುವಂತೆ ಒಂದೇ ದನಿಯಲ್ಲಿ ಹೇಳಿತು: ಮೂವತ್ಮೂರು ಪಾಯಿಂಟ್ ಮೂರು ಮೂರು, ಮೂವತ್ಮೂರು ಪಾಯಿಂಟ್ ಮೂರು ಮೂರು, ಕೊನೆಯದು ಮೂವತ್ಮೂರು ಪಾಯಿಂಟ್ ಮೂರು ನಾಲ್ಕು.

ನಮ್ಮ ಪದ್ಧತಿಯೇ ಅದು. ಮಿಕ್ಕಿದ್ದನ್ನು ಕೊನೆಯ ತುಂಡಿನ ತಲೆಗೆ ಕಟ್ಟುತ್ತೇವೆ. ಅಷ್ಟು ವ್ಯತ್ಯಾಸ ನಡೆಯುತ್ತದೆ, ಮಾಲು ಪಾಸಾಗುತ್ತದೆ, ಯಾರೂ ಮತ್ತೆ ಅದರ ಬಗ್ಗೆ ಯೋಚಿಸುವುದಿಲ್ಲ.

"ಸಮ ತುಂಡು ಅಂದೆ ನಾನು. ಕೊನೇದು ಯಾಕೆ ದೊಡ್ಡದಾಯ್ತು?"

"ಇಲ್ಲಾಂದ್ರ ನೂರು ಆಗಂಗಿಲ್ರಿ," ಎಂದಳು ವಿಜಯಪುರದವಳು. "ಸಮ ಬೇಕಂದ್ರ ಮೂರು, ಮೂರು, ಮೂರು ಅಂತ ಬರಕೋತನ ಹೋಗಬೇಕು. ಅದು ಮುಗ್ಯಂಗೇ ಇಲ್ಲ..." ಬೋರ್ಡ್ ನೋಡಿದಳು. "ಅಯ್ಯ ಮೇಡಂ! ಮುಗಿಲಾರದ್ದು ಇದರಾಗ ಎಲ್ಲೂ ಬಂದಿಲ್ಲಲ್ರಿ!"

ಬಂದಿರಲಿಲ್ಲ. ರಾಡನ್ನು ಒಂದು ಎಂದುಕೊಂಡರೆ ಅದರ ಸರಿಯಾದ ಮೂರನೇ ಒಂದು ಭಾಗ ಪಾಯಿಂಟ್ ಮೂರು ಮೂರು ಮೂರು ಎಂದು ಹೋಗುತ್ತಲೇ ಇರುತ್ತದೆ. ಪಟ್ಟಿಯಲ್ಲಿರುವ ಪ್ರತಿ ಅಳತೆಯೂ ಎಲ್ಲೋ ಒಂದು ಸ್ಥಾನಕ್ಕೆ ನಿಂತುಬಿಡುತ್ತದೆ. ನಿಲ್ಲದವುಗಳಿಗೆ ಅಲ್ಲಿ ಜಾಗವೇ ಇಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು. ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ವಿಷಯ ನನಗೆ ಅರ್ಥವಾದದ್ದು ಆ ಹೊತ್ತಿನಲ್ಲಿ.

"ಮೂರನೇ ಒಂದು ತಾನೇ? ಮೇಲ್ಗಡೆ ಸೇರಿಸ್ಬಿಡಿ ಮೇಡಂ," ಎಂದ ಕಿಟಕಿ ಪಕ್ಕದವನು.

"ಸೇರಿಸಿ. ಇನ್ನೂ ಎಷ್ಟು ಬೇಕೋ ಸೇರಿಸಿ. ನೀವು ಹೇಗೇ ಪಟ್ಟಿ ಮಾಡಿ, ಅದ್ರಲ್ಲಿ ಇಲ್ಲದ್ದೊಂದನ್ನ ನಾನು ಕಟ್ಟಿ ಕೊಡ್ತೀನಿ. ಮೊದಲನೇದರಲ್ಲಿ ಮೊದಲನೇ ಅಂಕಿ ಬದಲಾಯಿಸಿ, ಎರಡನೇದರಲ್ಲಿ ಎರಡನೇ ಅಂಕಿ, ಅಂಕಿ ಇಲ್ಲದ ಕಡೆ ಸೊನ್ನೆ ಅಂದ್ಕೊಳ್ಳಿ..."

ಅಷ್ಟರಲ್ಲಿ ಬೆಲ್ ಹೊಡೆಯಿತು. ಬದಲಾಯಿಸಿದ ಅಂಕಿಗಳನ್ನು ಸಾಲಾಗಿ ಜೋಡಿಸಿದರೆ ಬರುವ ಹೊಸ ಸಂಖ್ಯೆ ಪಟ್ಟಿಯ ಪ್ರತಿಯೊಂದರಿಂದಲೂ ಒಂದು ಸ್ಥಾನದಲ್ಲಾದರೂ ಬೇರೆಯಾಗಿರುತ್ತದೆ, ಹಾಗಾಗಿ ಯಾವ ಪಟ್ಟಿಯೂ ಪೂರ್ತಿಯಾಗದು ಎಂದು ಹೇಳಿ ಮುಗಿಸಬೇಕಿತ್ತು. ಆ ಮುಖ್ಯ ಮಾತೇ ಬಾಯಲ್ಲಿ ಉಳಿಯಿತು.

ಪ್ರಾಂಶುಪಾಲರು ನನ್ನನ್ನು ಕಾರಿಡಾರಿಗೆ ಕರೆದರು.

"ಪಾಠ ಮುಗೀಲಿಲ್ವಲ್ಲ ಮೇಡಂ."

"ಇಲ್ಲ ಸಾರ್."

"ಸಾಧನೆ ಬರೀಲೇ ಇಲ್ಲ ನೀವು."

"ಹೌದು ಸಾರ್."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡು ಬ್ಯಾಗನ್ನು ಹೆಗಲಿಗೆ ಏರಿಸಿದೆ. ಮಗಳಿಗೆ ಏನು ಹೇಳುವುದು ಎಂದು ಆಗಲೇ ಮಾತು ಜೋಡಿಸತೊಡಗಿದ್ದೆ.

"ನಾಳೆ ಆರು ಗಂಟೆಗೆ ಬಂದು ಮುಗಿಸ್ಬಿಡಿ," ಎಂದರು.

"ನಾಳೇನೂ ಡೆಮೋನಾ ಸಾರ್?"

ಅವರು ಬಾಗಿಲ ಕಡೆ ಕೈ ತೋರಿಸಿದರು. ಬೆಲ್ ಹೊಡೆದರೂ ಯಾರೂ ಎದ್ದಿರಲಿಲ್ಲ. ವಿಜಯಪುರದವಳು ಚಾಕ್ ಹಿಡಿದು ಬೋರ್ಡಿನ ಮುಂದೆ ನಿಂತಿದ್ದಳು. ಮೂರನೆಯದರ ಮೂರನೇ ಅಂಕಿ ಬದಲಾಯಿಸು ಎಂದು ಹಿಂದಿನಿಂದ ಯಾರೋ ಕೂಗುತ್ತಿದ್ದರು.

"ಡೆಮೋ ಆಯ್ತಲ್ಲ," ಎಂದರು ಪ್ರಾಂಶುಪಾಲರು. "ನಾಳೆಯಿಂದ ಇದು ನಿಮ್ಮ ಕ್ಲಾಸು."

ಥ್ಯಾಂಕ್ಸ್ ಹೇಳಲು ಬಾಯಿ ತೆರೆದೆ. ಅಳು ಬಂತು. ಅವರ ಎದುರಿಗೇ ನಿಂತು ಅತ್ತೆ.