ಚಿಕ್ಕಮಾವನ ಪೆಟ್ಟಿಗೆಯ ಉಸಿರು

ಆ ಬೆಳಿಗ್ಗೆಯೂ ಚಿಕ್ಕಮಾವ ಎಂದಿನಂತೆ ಕಾಫಿ ಮುಟ್ಟುವ ಮೊದಲು ಕಿಟಕಿ ತೆರೆದರು. ತೋರುಬೆರಳನ್ನು ನಾಲಿಗೆಗೆ ತಾಗಿಸಿ ಕಂಬಿಯಾಚೆ ಹಿಡಿದು ನಿಂತರು. ಬೆರಳಿನ ಯಾವ ಮಗ್ಗುಲು ಮೊದಲು ತಣ್ಣಗಾಗುತ್ತದೋ ಆ ಕಡೆಯಿಂದ ಗಾಳಿ.

"ಇವತ್ತು ತೋಟದ ಕಡೆಯಿಂದ ಐತೆ, ಸುಧಮ್ಮ."

ನಾನು ಲೋಟ ಹಿಡಿದು ಕಾದಿದ್ದೆ. ಅತ್ತೆ ಹಂಡೆಯ ಒಲೆಗೆ ಸೌದೆ ಒಟ್ಟುತ್ತಿದ್ದರು. ನಮ್ಮವರು ಜೀಪಿನ ಹಿಂದಿನ ಸೀಟಿಗೆ ದಿಂಬು, ಜಮಖಾನ ಹಾಸುತ್ತಿದ್ದರು. ಚಿಕ್ಕಮಾವನಿಗೆ ರಾತ್ರಿಯಿಡೀ ದಮ್ಮು ಹೆಚ್ಚಾಗಿ, ಹಾಸನದ ಆಸ್ಪತ್ರೆಗೆ ಕರೆದೊಯ್ಯುವುದೆಂದು ತೀರ್ಮಾನವಾಗಿತ್ತು. ಕಾಫಿ ಅರ್ಧಕ್ಕೇ ಬಿಟ್ಟರು. ಜೀಪು ಹತ್ತುವ ಮೊದಲು ನನ್ನ ಕಡೆ ತಿರುಗಿ, ಒಂದೊಂದೇ ಮಾತಿಗೆ ಉಸಿರು ಎಳೆದುಕೊಂಡು ಹೇಳಿದರು: "ಪೆಟ್ಟಿಗೆ ಹಿಂದೆ ಏನೂ ಇಡಬ್ಯಾಡಿ. ಕಿಟಕಿ ಮುಚ್ಚಬ್ಯಾಡಿ. ಗಾಳಿಗೆ ಬರೋಕೂ ದಾರಿ ಇರ್ಲಿ, ಹೋಗೋಕೂ ದಾರಿ ಇರ್ಲಿ."

ಚಿಕ್ಕಮಾವ ಅಂದರೆ ನಮ್ಮ ಮಾವನವರ ತಮ್ಮ, ಪುಟ್ಟಸ್ವಾಮಿ. ಮದುವೆಯಾಗಲಿಲ್ಲ. ಮಗ್ಗೆಯ ಸುತ್ತಿನ ತೋಟಗಳ ಕಾಫಿ ಮೂಟೆ ಹೊತ್ತ ಲಾರಿ ಓಡಿಸುತ್ತಲೇ ವಯಸ್ಸು ಕಳೆದವರು. ದಮ್ಮು ಹತ್ತಿದ ಮೇಲೆ ಡಾಕ್ಟರು ಸ್ಟೀರಿಂಗ್ ಬಿಡಿಸಿದರು. ಕಾನ್ವೆಂಟಿನಲ್ಲಿ ಓದಿ, ಪುಸ್ತಕದ ಕನ್ನಡ ಮಾತಾಡುತ್ತಾ ಈ ಮನೆಗೆ ಬಂದ ನನ್ನನ್ನು ಮೊದಲು ನಗಿಸಿದವರು ಅವರೇ. ನಾನು ಅಡುಗೆಮನೆಗೆ ಕಾಲಿಟ್ಟರೆ ಸಾಕು, "ಸಿಸ್ಟರಮ್ಮ ಬಂದ್ರು, ಪಾತ್ರೆಗಳೆಲ್ಲ ಸಾಲಾಗಿ ನಿಂತ್ಕಳ್ರಪ್ಪ" ಅನ್ನುತ್ತಿದ್ದರು.

ಅವರ ಪೆಟ್ಟಿಗೆ ಬಂದದ್ದು ಆನೇಮಹಲ್ ಕಡೆಯಿಂದ. ಅಲ್ಲಿ ಹೋಂಸ್ಟೇ ನಡೆಸುತ್ತಿದ್ದ ಅವರ ಗೆಳೆಯರೊಬ್ಬರು ಅದನ್ನು ಮುಚ್ಚಿದಾಗ, ಬಂದವರ ಮಕ್ಕಳು ಆಡಲೆಂದು ಇಟ್ಟಿದ್ದ ಗೇಮಿಂಗ್ ಕಂಪ್ಯೂಟರನ್ನು ಇವರಿಗೆ ಕೊಟ್ಟುಬಿಟ್ಟರು. ಅಂಗಡಿಯವರೇ ಎಲ್ಲ ಜೋಡಿಸಿ, ಮುಚ್ಚಿ ಕೊಟ್ಟಿದ್ದ ಕಪ್ಪು ಪೆಟ್ಟಿಗೆ. ಮುಂದೆ ಮಿರಮಿರ ಮಿಂಚುವ ಪ್ಲಾಸ್ಟಿಕ್ ಮುಖ, ಒಳಗೆ ನೀಲಿ ದೀಪ. ನೋಡಲು ಚೆಂದ, ಆದರೆ ಬಿಸಿಯೇರಿ ನಿಂತುಹೋಗುತ್ತಿತ್ತು. ಅದರಲ್ಲೊಂದು ಲಾರಿ ಓಡಿಸುವ ಆಟ. ಚಿಕ್ಕಮಾವ ಪರದೆಯ ಮೇಲಿನ ಘಾಟಿ ರಸ್ತೆಗೆ ಲಾರಿ ಬಿಟ್ಟರೆ, ಏರು ಅರ್ಧಕ್ಕೆ ಬರುವಷ್ಟರಲ್ಲಿ ಫ್ಯಾನು ಕಿರುಚತೊಡಗಿ ಪೆಟ್ಟಿಗೆ ತಟ್ಟನೆ ಆರಿಹೋಗುತ್ತಿತ್ತು. ಕಪ್ಪು ಪರದೆಯಲ್ಲಿ ಅವರದೇ ಮುಖ, ಬಾಯಿ ತೆರೆದು ಉಸಿರಿಗೆ ತಡಕಾಡುತ್ತಾ.

"ನೋಡ್ದೇನಮ್ಮ, ಏರು ಬಂದ್ರೆ ಇದಕ್ಕೂ ದಮ್ಮು. ಇದು ಏರು ಹತ್ತಿದ ದಿನ ನಾನೂ ಹತ್ತುತೀನಿ."

ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ. ಆವತ್ತಿನಿಂದ ಅವರ ಪಾಲಿಗೆ ಅದು ಹರಕೆಯಂತಾಯಿತು.

ಮೊದಲು ಪಕ್ಕದ ತಗಡು ಬಿಚ್ಚಿದರು. ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಸೈಕಲ್ ಪಂಪಿನಿಂದ ಗಾಳಿ ಹೊಡೆದರು. ಗುಬ್ಬಿಗೂಡಿನಂಥ ಬೂದು ಧೂಳಿನ ಉಂಡೆ ಹೊರಬಂತು. ಅದರೊಳಗೆ ಒಂದು ಉದ್ದನೆಯ ಕೂದಲು. ಹೋಂಸ್ಟೇಯಲ್ಲಿ ಎಂದೋ ತಂಗಿದ್ದ ಯಾವ ಹೆಂಗಸಿನದೋ. ಚಿಕ್ಕಮಾವ ಅದನ್ನು ಎರಡು ಬೆರಳಲ್ಲಿ ಎತ್ತಿ, ಎಸೆಯದೆ, ಹೊರಗೆ ಹೋಗಿ ಮಣ್ಣಿನಲ್ಲಿ ಮುಚ್ಚಿ ಬಂದರು.

ಆಮೇಲೆ ಊದುಬತ್ತಿ. ಕಂಪ್ಯೂಟರ್ ಓಡುತ್ತಿರುವಾಗ ಹಚ್ಚಿದ ಕಡ್ಡಿಯನ್ನು ಪೆಟ್ಟಿಗೆಯ ಸುತ್ತ ನಿಧಾನವಾಗಿ ಆಡಿಸಿದರು. ಹೊಗೆ ಯಾವ ಸಂದಿಯಲ್ಲಿ ಒಳಗೆ ಹೋಗುತ್ತದೆ, ಎಲ್ಲಿ ಹೊರಗೆ ಬರುತ್ತದೆ ಎಂದು ನಾನು ನೋಡಿ ಹೇಳಬೇಕಿತ್ತು. ಮುಂದಿನ ಪ್ಲಾಸ್ಟಿಕ್ ಮುಖದಲ್ಲಿ ಗಾಳಿಗೆ ತೂತೇ ಇರಲಿಲ್ಲ. ಹಿಂದಿನ ಫ್ಯಾನು ಬಿಸಿಯನ್ನು ಹೊರಗೆ ನೂಕುವ ಬದಲು ಗೋಡೆಯ ಮೂಲೆಯ ಬಿಸಿಗಾಳಿಯನ್ನೇ ಒಳಗೆ ಎಳೆಯುತ್ತಿತ್ತು. ಜೋಡಿಸಿದವರು ತಿರುಗುಮುರುಗಾಗಿ ಕೂರಿಸಿದ್ದರು.

"ಬಿಟ್ಟ ಉಸಿರನ್ನೇ ಮತ್ತೆ ಎಳ್ಕೊಂಡು ಸಾಯ್ತಾ ಐತಲ್ಲಮ್ಮ ಇದು!"

ಫ್ಯಾನು ತಿರುಗಿಸಿ ಕೂರಿಸಿದರು. ಮುಂದಿನ ಮುಖಕ್ಕೆ ತೂತು ಕೊರೆದು ಇನ್ನೊಂದು ಫ್ಯಾನು ಹಾಕಿದರು. ಗಾಳಿಗೆ ಅಡ್ಡ ಬರುತ್ತಿದ್ದ ವೈರುಗಳನ್ನೆಲ್ಲ ಕಟ್ಟು ಕಟ್ಟಿ ಬದಿಗೆ ಸರಿಸಿದರು. ಚಿಪ್ಪಿನ ಬಿಸಿ ಇಳಿಸಲು ಹಚ್ಚಿದ್ದು ಒಣಗಿ ಸುಣ್ಣದಂತಾಗಿದ್ದ ಪೇಸ್ಟನ್ನು ಕೆರೆದು ಹೊಸದನ್ನು ಸವರಿದರು. ಮೇಜು ಮೂಲೆಯಿಂದ ಕಿಟಕಿಯ ಹತ್ತಿರ ಬಂತು. ಕರೆಂಟು ಹೋದರೆ ಇರಲಿ ಎಂದು ಇಟ್ಟಿದ್ದ ಯುಪಿಎಸ್ಸನ್ನು, "ಇದೂ ಬಿಸಿ ಕಕ್ಕುತೈತೆ" ಎಂದು ಕೋಣೆಯಿಂದಲೇ ಆಚೆ ಹಾಕಿದರು. ಧೂಳು ತಡೆಯಲು ನಾನು ಹಳೆಯ ನೈಲಾನ್ ಸೀರೆಯ ತುಂಡೊಂದನ್ನು ಹೊಲಿದುಕೊಟ್ಟೆ. ಅಂಗೈ ಇಟ್ಟು ನೋಡಿ ತಲೆಯಾಡಿಸಿದರು. "ಮೂಗಿಗೆ ಬಟ್ಟೆ ಕಟ್ಟಿದಂಗೆ ಆಯ್ತು ಕಣಮ್ಮ." ಕೊನೆಗೆ ಸೊಳ್ಳೆಪರದೆಯ ಚೂರು ಸರಿಹೋಯಿತು.

ಊದುಬತ್ತಿಯ ವಾಸನೆ ಹಿಡಿದು ಬಂದ ಅತ್ತೆ ಇದೇನೋ ಪೂಜೆಯೆಂದು ತಿಳಿದರು. ಮಾರನೆಯ ದಿನ, ಲಾರಿ ಓಡಿಸಿದವನ ಯಂತ್ರವಲ್ಲವೇ ಎಂದು, ಗಾಡಿಗೆ ಮಾಡುವಂತೆಯೇ ಪೆಟ್ಟಿಗೆಗೆ ಕುಂಕುಮವಿಟ್ಟು ಚೆಂಡುಹೂವಿನ ಹಾರ ಹಾಕಿಬಿಟ್ಟರು. ಹಾರ ಸರಿಯಾಗಿ ಹೊಸ ತೂತುಗಳ ಮೇಲೆಯೇ. ಪೆಟ್ಟಿಗೆ ಬಿಸಿಯಾಗಿ ಮತ್ತೆ ಆರಿತು. ಒಳಮನೆಯಲ್ಲಿದ್ದ ಚಿಕ್ಕಮಾವನೂ ಅದೇ ಹೊತ್ತಿಗೆ ಉಸಿರು ಸಿಕ್ಕಿಕೊಂಡು ಕಂಬ ಹಿಡಿದು ಕುಸಿದರು. ಹಾರ ತೆಗೆಯುವವರೆಗೂ ಅವರು ನೀರು ಸಹ ಕುಡಿಯಲೊಪ್ಪಲಿಲ್ಲ.

"ಅತ್ತಿಗೆ, ಹಾರ ಹಾಕೋ ಕಾಲ ಬಂದಾಗ ಹಾಕೀರಂತೆ. ಈಗ್ಲೇ ಯಾಕೆ?"

"ಬಿಡ್ತು ಅನ್ನು ಮಾರಾಯ!" ಎಂದು ಅತ್ತೆ ಗದರಿದರು. ಆಮೇಲೆ ಆ ಕೋಣೆಗೆ ಅವರು ಕಾಲಿಡಲಿಲ್ಲ.

ಒಂದು ಮಧ್ಯಾಹ್ನ ಲಾರಿ ನಿಲ್ಲದೆ ಏರು ಹತ್ತಿತು. ನಾನು ಚಪ್ಪಾಳೆ ತಟ್ಟಿದೆ. ಪೆಟ್ಟಿಗೆಯ ಸದ್ದು ಹಗುರಾಗಿ, ಮಲಗಿದ ಮಗುವಿನಂತೆ ಒಂದೇ ಸಮ ಬರುತ್ತಿತ್ತು. ಚಿಕ್ಕಮಾವ ಕುರ್ಚಿಗೆ ಒರಗಿ ಅದನ್ನೇ ಕೇಳುತ್ತಾ ಕೂತರು. ಎದೆ ಮಾತ್ರ ಹಾರುತ್ತಲೇ ಇತ್ತು.

ಅಲ್ಲಿಂದಾಚೆಗೆ ಪೆಟ್ಟಿಗೆ ಸುಧಾರಿಸಿದಷ್ಟೂ ಅವರು ಇಳಿದರು. ಅವರ ಕೋಣೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ತರಕಾರಿ ಹೆಚ್ಚುತ್ತಾ ಕೂತರೆ ಆ ಕಡೆಯಿಂದ ಎರಡು ಸದ್ದು: ಒಂದು ಸುಯ್ಯೆಂದು ಸಲೀಸಾದದ್ದು, ಇನ್ನೊಂದು ಗೊರಗೊರ. ಒಮ್ಮೊಮ್ಮೆ ಗೊರಗೊರ ಏರಿದಾಗ ಸುಯ್ಯೆನ್ನುವುದೂ ಏರುತ್ತಿತ್ತು. ಇದು ತಗ್ಗಿದರೆ ಅದೂ ತಗ್ಗುತ್ತಿತ್ತು. ಚಾಕು ಹಿಡಿದ ಕೈ ತಾನಾಗಿ ನಿಲ್ಲುತ್ತಿತ್ತು. ತಡೆಯಲಾರದೆ ಒಂದು ದಿನ ಹೇಳಿದೆ, "ಮಾವ, ಅದನ್ನು ಹಜಾರಕ್ಕೆ ಸಾಗಿಸಲಾ?"

"ಬ್ಯಾಡ. ಅದು ಉಸಿರಾಡೋದು ಕೇಳಿದ್ರೇನೇ ನಂಗೆ ನಿದ್ದೆ." ಆಮೇಲೆ ಏನೋ ಲೆಕ್ಕ ಒಪ್ಪಿಸುವವರಂತೆ ಅಂದರು: "ಒಂದು ಕೋಣೇಲಿ ಇರೋದು ಒಂದು ಕೋಣೆ ಗಾಳಿ ಕಣಮ್ಮ. ಅದಕ್ಕೆ ಜಾಸ್ತಿ ಹೋದ್ರೆ ಇನ್ನೊಬ್ಬರಿಗೆ ಕಮ್ಮಿ ಆಗ್ಲೇಬೇಕಲ್ಲ."

ಆ ದಿನ ಜೀಪು ಹೋದ ಮೇಲೆ ಮನೆ ಬಿಕೋ ಎಂದಿತು. ಅತ್ತೆ ಊಟ ಮಾಡಿದಂತೆ ಮಾಡಿ ಮಲಗಿದರು. ಬೇಸಿಗೆಯ ಹಗಲು; ಕಣದ ಮೇಲೆ ಬಿಸಿಲು ಬೆಳ್ಳಗೆ ಬಿದ್ದಿತ್ತು. ನಾನು ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಗೋಡೆಯಾಚೆ ಸುಯ್ ಎನ್ನುವ ಸದ್ದು. ಅಯ್ಯೋ, ಹೊರಡುವ ಗಡಿಬಿಡಿಯಲ್ಲಿ ಪೆಟ್ಟಿಗೆ ಆರಿಸುವುದನ್ನೇ ಮರೆತರಲ್ಲ ಎಂದುಕೊಂಡು ಎದ್ದೆ.

ಕೋಣೆ ಅವರು ಬಿಟ್ಟುಹೋದಂತೆಯೇ ಇತ್ತು. ಕಿಟಕಿ ತೆರೆದಿತ್ತು, ಹಾಸಿಗೆಯಲ್ಲಿ ತಲೆ ಊರಿದ ಗುಂಡಿ ಹಾಗೇ ಇತ್ತು. ಪರದೆ ಕಪ್ಪಗಿತ್ತು, ಅದನ್ನು ಅವರು ಯಾವಾಗಲೂ ಆರಿಸಿಯೇ ಏಳುತ್ತಿದ್ದರು. ಬಿಸಿಯೇರಿದ್ದರೆ ಒಮ್ಮೆಲೇ ಸ್ವಿಚ್ ತೆಗೆಯಬಾರದೆಂದು ಹೇಳಿದ್ದು ನೆನಪಾಗಿ, ಅವರು ಕಲಿಸಿದಂತೆ ಪೆಟ್ಟಿಗೆಯ ಹಿಂದೆ ಅಂಗೈ ಹಿಡಿದೆ. ಬೆಚ್ಚಗಿನ ಗಾಳಿ ಬಂತು. ನಿಂತಿತು. ಮತ್ತೆ ಬಂತು. ಬರಬರುತ್ತಾ ಒಂದಕ್ಕೂ ಇನ್ನೊಂದಕ್ಕೂ ನಡುವೆ ಹೊತ್ತು ಹೆಚ್ಚಾಗುತ್ತಿತ್ತು. ಕೈ ಹಿಂದಕ್ಕೆ ತೆಗೆದಾಗ ನನ್ನ ಹಸಿರು ಗಾಜಿನ ಬಳೆಗಳು ಮಂಜು ಕೂತಂತೆ ಮಸುಕಾಗಿದ್ದವು. ಸೆರಗಿನಿಂದ ಒರೆಸಿದೆ. ಸೆರಗು ಒದ್ದೆಯಾಯಿತು.

ತಾನಾಗಿ ತಣ್ಣಗಾಗಲಿ ಎಂದು ಬಿಟ್ಟು ಬಂದೆ.

ಬಿಸಿಲು ಇಳಿಯುವ ಹೊತ್ತಿಗೆ ಫೋನು ಬಂತು. ನಮ್ಮವರ ದನಿ. "ಚಿಕ್ಕಪ್ಪ ಹೋಗ್ಬುಟ್ರು ಕಣೆ." ಅತ್ತೆಗೆ ಹೇಳಿ, ಅವರನ್ನು ಹಿಡಿದುಕೊಂಡು ಕೂತವಳಿಗೆ ಯಾವಾಗಲೋ ಗೊತ್ತಾಯಿತು, ಗೋಡೆಯಾಚೆ ಸದ್ದಿಲ್ಲ. ಅದು ಯಾವಾಗ ನಿಂತಿತೋ ನಾನು ಗಮನಿಸಿರಲಿಲ್ಲ.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ದೀಪ ಹಾಕುವ ಹೊತ್ತಿಗಿಂತ ಮುಂಚೆಯೇ ಪಕ್ಕದ ಮನೆಯ ಗಿರಿಜಕ್ಕ ಸೆರಗಿನಡಿ ಅಕ್ಕಿರೊಟ್ಟಿಯ ಡಬ್ಬಿ ಹಿಡಿದು ಬಂದರು. ಅತ್ತೆಯ ಬೆನ್ನು ಸವರಿ ಕಣ್ಣೊರೆಸಿಕೊಂಡರು. ತಟ್ಟೆಗೆ ರೊಟ್ಟಿ ಹಾಕಿ ಅತ್ತೆಯ ಮುಂದಿಟ್ಟು, ನನ್ನ ಕಡೆ ತಿರುಗಿ ಮೆಲ್ಲಗೆ ಅಂದರು:

"ಮಾತ್ರೆ ನುಂಗೋಕಾದ್ರೂ ಒಂದು ಚೂರು ತಿನ್ಸು ಸುಧಾ. ಚಟ್ನಿ ತರಿತರಿ ಐತೆ, ಏನೂ ಅನ್ಕೋಬ್ಯಾಡ. ನಿಮ್ಮ ಜೀಪು ಹೋದ ಬೆನ್ನಿಗೇ ಊರಿಗೆಲ್ಲ ಕರೆಂಟು ಹೋಯ್ತಲ್ಲ, ಇನ್ನೂ ಬಂದಿಲ್ಲ. ಒರಳಲ್ಲೇ ರುಬ್ಬಿದೆ."