ಹದಿನೇಳನೆಯ ಕಲಮು

ಇವತ್ತು ಬೆಳಿಗ್ಗೆ ಕೊಪ್ಪಳದ ನನ್ನ ಆಫೀಸಿಗೆ ಇಬ್ಬರು ಗೆಳೆಯರು ಬಂದಿದ್ದರು. ಕೂಡಿ ಟೈಲ್ಸ್ ಅಂಗಡಿ ಹಾಕುತ್ತಾರಂತೆ, ಪಾಲುದಾರಿಕೆ ಪತ್ರ ಬೇಕಂತೆ, ಅದೂ ಸಂಜೆಯೊಳಗೆ. ಹಳೆಯ ಮಾದರಿಯೊಂದನ್ನು ಹುಡುಕುತ್ತ ಕಪಾಟಿನ ತಳಕ್ಕೆ ಕೈ ಹಾಕಿದರೆ ಹಳದಿಗಟ್ಟಿದ ಛಾಪಾ ಕಾಗದ ಸಿಕ್ಕಿತು. ಬಿಚ್ಚಿದೊಡನೆ ಮಡಿಕೆಯಲ್ಲಿದ್ದ ಜೋಳದ ಹಿಟ್ಟು ನನ್ನ ಕರಿ ಕೋಟಿನ ಮೇಲೆ ಉದುರಿತು. ಎಂಥ ಸಿಟ್ಟು ಬಂತು ಅಂತೀರಿ! ಇಷ್ಟು ವರ್ಷವಾದರೂ ಈ ಕಾಗದ ನನ್ನನ್ನು ಬಿಡಲೊಲ್ಲದು.

ಕಾನೂನು ಪದವಿ ಮುಗಿಸಿದವರು ಸುಮ್ಮನೆ ಕೋಟು ಹಾಕಿಕೊಂಡು ಕೋರ್ಟಿಗೆ ಹೋಗುತ್ತಾರೆ. ನನಗೆ ಮಾತ್ರ ಯೂನಿವರ್ಸಿಟಿಯಲ್ಲಿ ಇನ್ನೊಂದು ವರ್ಷ ಕೂತು ವ್ಯಾಪಾರ ಕಾನೂನಿನಲ್ಲಿ ಆನರ್ಸ್ ಮಾಡುವ ಹುಕಿ ಬಂತು. ಕೊಪ್ಪಳ ಜಿಲ್ಲೆಯಾದ ಹೊಸತು. ಇರಕಲ್ಲಗಡದ ಅತ್ತೆ ಸಿಕ್ಕಾಗಲೆಲ್ಲ, "ಇಷ್ಟ ಓದಿದ್ದು ಸಾಲಲಿಲ್ಲೇನ? ನಪಾಸ ಆಗೀಯೇನ, ಖರೇ ಹೇಳು" ಅನ್ನುತ್ತಿದ್ದಳು. ಆನರ್ಸ್ ಎಂದರೇನೆಂದು ಅಳವಂಡಿ ಬಸ್ಸಿನಲ್ಲಿ ನಿಂತುಕೊಂಡೇ ಎಷ್ಟು ಮಂದಿಗೆ ವಿವರಿಸಿದೆನೋ. ಕೊನೆಗೆ ಅದು ನಪಾಸಾದವರ ವರ್ಷವೇ ಇರಬೇಕೆಂದು ನನಗೂ ಅನ್ನಿಸತೊಡಗಿತು.

ನಮ್ಮ ಪ್ರೊಫೆಸರರಿಗೆ ಬರಹದಲ್ಲಿ ಇಲ್ಲದ್ದು ಜಗತ್ತಿನಲ್ಲೇ ಇಲ್ಲ. ಜ್ವರ ಬಂದು ಅವರ ಎದುರೇ ನಡುಗುತ್ತ ನಿಂತರೂ "ಅರ್ಜಿ ಎಲ್ಲಿ?" ಎನ್ನುತ್ತಿದ್ದರು. ಅವರು ಕೊಟ್ಟ ಕೆಲಸ ಇಷ್ಟು: ನಿಮ್ಮ ಸೀಮೆಯ ಒಂದು ಪಾಲುದಾರಿಕೆ ಪತ್ರವನ್ನು, ಸಹಿ ಸಮೇತ, ತಂದು ಕಲಮು ಕಲಮಾಗಿ ಪರೀಕ್ಷಿಸಿ ಬರೆಯಿರಿ. ಆನರ್ಸ್ ನಿಂತದ್ದೇ ಅದರ ಮೇಲೆ. ಗಂಗಾವತಿಯ ಅಕ್ಕಿ ಗಿರಣಿಗಳನ್ನೆಲ್ಲ ಸುತ್ತಿದೆ. ಪತ್ರ ಇದ್ದವರು ತೋರಿಸಲಿಲ್ಲ, ಉಳಿದವರಲ್ಲಿ ಇರಲೇ ಇಲ್ಲ. ಒಬ್ಬ ಸಾಹುಕಾರರು ಚಹಾ ತರಿಸಿ, "ಬರಸ್ಕೊಳ್ಳೂದು ಅಂದ್ರ ನಂಬಿಗಿ ಇಲ್ಲ ಅಂತ ಆತಲ್ಲವಾ. ನಾವು ದೇವರ ಭಂಡಾರ ಮುಟ್ಟಿ ಆಣಿ ಮಾಡೀವಿ, ಮುಗೀತು" ಎಂದರು. ಕುಷ್ಟಗಿಯಲ್ಲೂ ಅದೇ ಉತ್ತರ, ಚಹಾ ಮಾತ್ರ ಇರಲಿಲ್ಲ.

ಅಳವಂಡಿಯಲ್ಲಿ ನಮ್ಮದೇ ಒಂದು ಹಿಟ್ಟಿನ ಗಿರಣಿಯಿದೆ. ನಮ್ಮದೆಂದರೆ ಅಪ್ಪನದು ಮತ್ತು ಅವನ ಗೆಳೆಯ ಶೇಖರಪ್ಪ ಕಾಕಾನದು. ಗಿರಣಿಯ ಕಲ್ಲು ಕೂಡಿಸಿದ ದಿನ ಇಬ್ಬರೂ ಅದಕ್ಕೆ ಅರಿಶಿನದ ಭಂಡಾರ ಹಚ್ಚಿ, ಮೇಲೆ ಕೈಯಿಟ್ಟು ಮಾತು ಕೊಟ್ಟುಕೊಂಡಿದ್ದರು. ಗಿರಣಿಯಲ್ಲಿ ಕಾಗದ ಅಂತ ಇದ್ದದ್ದು ಗೋಡೆಯ ಕ್ಯಾಲೆಂಡರು ಮಾತ್ರ. ಇವರಿಗೆ ನಾನೇ ಪತ್ರ ಬರೆದು ಸಹಿ ಮಾಡಿಸಿದರಾಯಿತು ಎಂದುಕೊಂಡೆ. ಆ ಬುದ್ಧಿಗಿಷ್ಟು ಬೆಂಕಿ ಬೀಳಲಿ.

ಅಮಾವಾಸ್ಯೆಗೆ ಗಿರಣಿ ನಿಲ್ಲಿಸಿ ಪೂಜೆ ಮಾಡುವುದು ಪದ್ಧತಿ. ಕಾಯಿ ಒಡೆದಾದ ಮೇಲೆ ಇಬ್ಬರನ್ನೂ ಚೀಲದ ಮೇಲೆ ಕೂರಿಸಿ, ನ್ಯಾಯಾಧೀಶರ ಠೀವಿಯಲ್ಲಿ ನನ್ನ ಹದಿನೇಳು ಕಲಮುಗಳನ್ನು ಓದಿದೆ. ಹದಿನಾರರವರೆಗೆ ಕಾಕಾ ತಲೆಯಾಡಿಸುತ್ತ ಕೊಬ್ಬರಿ ಮೆಲ್ಲುತ್ತಿದ್ದ. ಹದಿನೇಳನೆಯದು: ಪಾಲುದಾರರಲ್ಲಿ ಒಬ್ಬನಿಗೆ ಬುದ್ಧಿಭ್ರಮಣೆಯಾದಲ್ಲಿ ಇನ್ನೊಬ್ಬನು ಪಾಲುದಾರಿಕೆಯನ್ನು ಮುರಿದುಕೊಳ್ಳಲು ಕ್ರಮ ಕೈಗೊಳ್ಳಬಹುದು. ಪುಸ್ತಕದಲ್ಲಿ ಹಾಗಿದ್ದರೆ ನಾನೇನು ಮಾಡಲಿ, ನೀವೇ ಹೇಳಿ.

ಕಾಕಾ ಅಗಿಯುವುದನ್ನು ನಿಲ್ಲಿಸಿದ. "ಅಂದ್ರ ನನ್ನ ತಲಿ ಕೆಟ್ರ ನಿಮ್ಮಪ್ಪ ನನ್ನ ಕೈ ಬಿಡ್ತಾನೇನು?" ಎಂದು ಅಪ್ಪನ ಮುಖ ನೋಡಿದ. ಅಪ್ಪ ಒಂದು 'ಇಲ್ಲ' ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮಗಳ ಓದಿಗೆ ಅವಮಾನವಾದೀತೆಂದು ಆ ಮಹಾರಾಯ ನೆಲ ನೋಡುತ್ತ ಕುಳಿತ. ಕಾಕಾ ಗಿರಣಿಯ ಕೀಲಿಕೈಯನ್ನು ಮೊಳೆಗೆ ತೂಗುಹಾಕಿ ಹೊರಟುಹೋದ.

ನಾಲ್ಕು ದಿನ ಬರಲಿಲ್ಲ. ಸವೆದ ಕಲ್ಲಿಗೆ ಉಳಿಯಿಂದ ಕಚ್ಚು ಹಾಕುವುದು ಅವನೊಬ್ಬನಿಗೇ ಗೊತ್ತು. ಅವನಿಲ್ಲದೆ ಹಿಟ್ಟು ನುಚ್ಚು ನುಚ್ಚಾಗಿ ಬೀಳತೊಡಗಿತು. "ಇದನ್ನ ರೊಟ್ಟಿ ಬಡೀಬೇಕೋ, ಕೋಳಿಗೆ ಚೆಲ್ಲಬೇಕೋ?" ಎಂದು ಹೆಂಗಸರು ಡಬ್ಬಿ ಕುಕ್ಕಿದರು. ನನಗೆ ಎಲ್ಲರ ಮೇಲೂ ರೇಗಿತ್ತು: ಪ್ರೊಫೆಸರರ ಮೇಲೆ, ಕಾಕಾನ ಮೇಲೆ, ನನ್ನ ಮೇಲೆ. ಅಪ್ಪ ನನ್ನನ್ನು ಬೈಯಲೂ ಇಲ್ಲ. ಎರಡು ಲೋಟ ಚಹಾ ತರಿಸಿ, ಒಂದನ್ನು ಕುಡಿದು, ಇನ್ನೊಂದು ಆರುವುದನ್ನು ನೋಡುತ್ತ ಕೂರುತ್ತಿದ್ದ.

ಐದನೆಯ ದಿನ ಕಾಗದ ಹಿಡಿದು ನಾನೇ ಕಾಕಾನ ಮನೆಗೆ ಹೋದೆ.

"ಆ ಕಲಮು ಹೊಡದ್ಹಾಕು," ಎಂದ. "ತಲಿ ಕೆಟ್ಟಾವನ್ನ ಇನ್ನೊಬ್ಬಾಂವ ದಿನಾ ಗಿರಣಿಗೆ ಕರಕೊಂಡ ಬಂದು ತನ್ನ ಬಾಜೂಕ ಕುಂದ್ರಿಸ್ಕೊಬೇಕು ಅಂತ ಬರಿ. ಈಗಿಂದೀಗ ಸಹಿ ಮಾಡ್ತೀನಿ."

ಆನರ್ಸ್ ಪಂಡಿತೆಯಾದ ನಾನು, "ಅಂಥಾದ್ದೆಲ್ಲ ಕಾನೂನಿನ್ಯಾಗ ಬರೂದಿಲ್ಲ ಕಾಕಾ, ಸರ್ ಒಪ್ಪೂದಿಲ್ಲ" ಎಂದೆ.

"ಹಂಗಾರ ನಿಮ್ಮ ಸರ್ ಕಡೀಂದನ ಸಹಿ ಮಾಡಿಸ್ಕೊ. ನಡಿ, ಮಂದಿ ನುಚ್ಚು ತಿಂದು ಹೊಟ್ಟಿ ಕೆಡಿಸ್ಕೊಂಡಾರು" ಎಂದು ಉಳಿ ತೆಗೆದುಕೊಂಡು ನನ್ನ ಸಂಗಡವೇ ಬಂದ. ಅಪ್ಪ ಚಹಾದ ಲೋಟ ಅವನತ್ತ ಸರಿಸಿದ. ಇಬ್ಬರಿಗೂ ಅಷ್ಟೇ ಸಾಕಾಯಿತು. ಸಾಕಾಗದಿದ್ದದ್ದು ಪ್ರೊಫೆಸರರಿಗೆ. ಸಹಿಯಿಲ್ಲದ ಪ್ರತಿಯ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದರು. ವರ್ಷ ಪಾಸಾಯಿತು, ಆನರ್ಸ್ ಬರಲಿಲ್ಲ. ಕಾಕಾನ ಹಟದಿಂದಲೇ ಹೋಯಿತೆಂದು ಬಹಳ ವರ್ಷ ಒಳಗೊಳಗೇ ಕುದಿದೆ.

ಅಪ್ಪನ ತಲೆಯಿಂದ ಹೆಸರುಗಳು ಒಂದೊಂದಾಗಿ ಅಳಿಸತೊಡಗಿ ಈಗ ಮೂರು ವರ್ಷ. ಹೋದ ವರ್ಷ ನನ್ನ ಹೆಸರೂ ಹೋಯಿತು. ಕಾಕಾ ದಿನಾ ಬೆಳಿಗ್ಗೆ ಮನೆಗೆ ಬಂದು, ಕೈ ಹಿಡಿದು ಗಿರಣಿಗೆ ಕರೆದೊಯ್ದು, ತನ್ನ ಪಕ್ಕದ ಚೀಲದ ಮೇಲೆ ಕೂರಿಸಿಕೊಳ್ಳುತ್ತಾನೆ. "ನೀವು ಯಾರ್ರಿ?" ಎಂದು ಅಪ್ಪ ದಿನಾ ಕೇಳುತ್ತಾನೆ. "ನಿನ್ನ ಪಾಲುದಾರ ಅದೀನಲೇ" ಎಂದು ಕಾಕಾ ದಿನಾ ಹೇಳುತ್ತಾನೆ. ಇದನ್ನು ನೋಡುತ್ತ ನಿಲ್ಲಲು ನನ್ನಿಂದ ಆಗುವುದಿಲ್ಲ, ಅಳು ಬರುತ್ತದೆ.

ಸಂಜೆ ಟೈಲ್ಸ್ ಗೆಳೆಯರು ಬಂದರು. ಪತ್ರ ಸಿದ್ಧವಿತ್ತು. ಹದಿನೇಳನೆಯ ಕಲಮಿನ ಜಾಗ ಮಾತ್ರ ಖಾಲಿ.

"ನಿಮ್ಮೊಳಗ ಒಬ್ಬರ ತಲಿ ಕೆಟ್ರ ಇನ್ನೊಬ್ರು ಏನು ಮಾಡ್ತೀರಿ?" ಎಂದು ಕೇಳಿದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಒಬ್ಬನಿಗೆ ನಗು, ಇನ್ನೊಬ್ಬನಿಗೆ ಕಿರಿಕಿರಿ. "ಅಂಥಾದ್ದೆಲ್ಲ ಕಾನೂನಿನ್ಯಾಗ ಬರತೈತೇನ್ರಿ ಮೇಡಂ?"

"ಬರೂದಿಲ್ಲ," ಎಂದು ಪೆನ್ನು ತೆಗೆದೆ. "ಹೇಳ್ರಿ, ಬರಕೋತೀನಿ."